ಮೈಕ್ ಜೋಗಣ್ಣ ಮತ್ತು ಮೂರು ಪೆಟ್ಟು

ಜೋಗಣ್ಣ ಕಣ್ಣು ಮುಚ್ಚಿಕೊಂಡು ಫುಟ್‌ಬಾಲ್ ನೋಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಮೈದಾನದ ನಡುಗೆರೆಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಹಿಂದೆ ಬಿಳಿ ರುಮಾಲು ಸುತ್ತಿ, ಬಿಳಿ ಶಾಲು ಹೊದ್ದು, ಕೆನ್ನೆಯೊಳಗೆ ಒಂದು ಲವಂಗ ಒತ್ತಿಕೊಂಡ ಜೋಗಣ್ಣ. ಮಂಜು ಇಳಿಯಿತೋ, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕೂತುಬಿಡುವರು. "ಕಾಣದಿರೋದನ್ನ ಕಣ್ಣು ಬಿಟ್ಟು ನೋಡಿದ್ರೆ ಕಣ್ಣು ಸುಳ್ಳು ಹೇಳುತ್ತೆ ಕಣಯ್ಯಾ. ಮುಚ್ಚಿಬಿಡು, ಕಿವಿ ನಿಜ ಹೇಳುತ್ತೆ" ಎನ್ನುತ್ತಿದ್ದರು. ಆ ಕಿವಿಗೆ ಸುಳ್ಳು ಹೇಳಿದವನು ನಾನು. ಅದನ್ನು ಹೇಳುವುದಕ್ಕೇ ಇಷ್ಟು ವರ್ಷ ಬೇಕಾಯಿತು.

ಊಟಿಯಿಂದ ಲವ್‌ಡೇಲ್ ಕಡೆಗೆ ಹೋಗುವಾಗ ಗುಡ್ಡದ ಮಗ್ಗುಲಲ್ಲಿ ಆ ಮೈದಾನ. ಮೇಲೆ ಮೇಲ್ಹಟ್ಟಿ, ಕೆಳಗೆ ಕೆಳಹಟ್ಟಿ. ಎರಡೂ ಬಡಗರ ಊರು. ನಡುವೆ ಟೀ ತೋಟ, ಕ್ಯಾರೆಟ್ ಹೊಲ. ಮೇ ತಿಂಗಳ ಟೂರ್ನಮೆಂಟಿನಲ್ಲಿ ಬೆಳಿಗ್ಗೆಯೆಲ್ಲಾ ಸೊಗಸಾದ ಬಿಸಿಲು. ಮಧ್ಯಾಹ್ನ ಮೂರಾಯಿತೆಂದರೆ ಕಣಿವೆಯಿಂದ ಮಂಜು ಎದ್ದು ಬಂದು ಮೊದಲು ಕೆಳಗಿನ ಗೋಲನ್ನು ನುಂಗುತ್ತದೆ, ಆಮೇಲೆ ಆಟಗಾರರನ್ನು. ಆದರೂ ಆಟ ನಿಲ್ಲಿಸುವ ಮಾತೇ ಇಲ್ಲ. ಮಂಜಿಗೆ ಹೆದರುವುದಾದರೆ ನೀಲಗಿರಿಯಲ್ಲಿ ಮದುವೆಗಳೂ ನಡೆಯುವ ಹಾಗಿಲ್ಲ.

ಅಂಥ ಹೊತ್ತಿನಲ್ಲಿ ಇಡೀ ಮೈದಾನಕ್ಕೆ ಕಣ್ಣು ಎಂದರೆ ಜೋಗಣ್ಣನ ಬಾಯಿ. ಎರಡು ಸ್ಪೀಕರು ಕಟ್ಟಿಸುತ್ತಿದ್ದರು, ಒಂದರ ಮುಖ ಮೇಲ್ಹಟ್ಟಿಗೆ, ಒಂದರದು ಕೆಳಹಟ್ಟಿಗೆ. "ಬಾಲು ಬಲಗಡೆ ಬಂತು... ಬೂಟಿನ ಸದ್ದು ಭಾರ, ಅಂದ್ರೆ ಕೆಳಹಟ್ಟಿ ಬ್ಯಾಕು... ಒದ್ದ! ಒದ್ದದ್ದು ಬಾಲನ್ನೋ ಕಾಲನ್ನೋ, ಅಯ್ಯೋ ಅನ್ನೋ ಸದ್ದು ಬಂತು, ಕಾಲನ್ನೇ!" ಜನ ಬಿದ್ದು ಬಿದ್ದು ನಗುವರು. ಕೆಳಗೆ ಟೀ ಎಲೆ ಕೀಳುವ ಹೆಂಗಸರು ಗಿಡದ ನಡುವೆಯೇ ನಿಂತು ಸ್ಕೋರು ತಿಳಿದುಕೊಳ್ಳುವರು. ಮನೆಯಲ್ಲಿ ಮಲಗಿದ ಮುದುಕರೂ ಅವರ ದನಿಯಲ್ಲೇ ಮ್ಯಾಚು ನೋಡುತ್ತಿದ್ದರು.

ಅವರ ಕೆಲಸ ಟೀ ಫ್ಯಾಕ್ಟರಿಯಲ್ಲಿ. ಎಲೆ ಹೊಸಕುವ ಮೆಷಿನ್ನಿನ ಸದ್ದು ಕೇಳಿಯೇ ಎಲೆ ಎಷ್ಟು ಬಾಡಿದೆ ಎಂದು ಹೇಳುತ್ತಿದ್ದರಂತೆ. ಕಾಮೆಂಟರಿ ಕಲಿತದ್ದು ಒಂದು ಹಳೇ ಟ್ರಾನ್ಸಿಸ್ಟರಿನಿಂದ. ಆ ಚಾಳಿ ಮೈಕು ಇಲ್ಲದಾಗಲೂ ಬಿಡುತ್ತಿರಲಿಲ್ಲ. ಒಂದು ಮದುವೆ ಊಟದಲ್ಲಿ ನನ್ನ ಪಕ್ಕ ಕೂತು, "ಸಾಂಬಾರು ಎಡಗಡೆಯಿಂದ ಮುನ್ನುಗ್ಗುತ್ತಿದೆ, ಗುಂಡ್ಲುಪೇಟೆಯವರ ಎಲೆ ಖಾಲಿ, ತಡೆಯೋರು ಯಾರೂ ಇಲ್ಲ..." ಎಂದು ಶುರುಮಾಡಿದರು. ಬಡಿಸುವವನು ನಕ್ಕು ಸಾಂಬಾರನ್ನೆಲ್ಲ ನನ್ನ ತೊಡೆಯ ಮೇಲೆ ಸುರಿದ. "ಗೋಲ್!" ಎಂದರು ಜೋಗಣ್ಣ.

ಗುಂಡ್ಲುಪೇಟೆ ಎಂದರೆ ನಾನೇ. ಹೆಸರು ಮಾದಪ್ಪ ಇದ್ದರೂ ಅವರು ಕರೆದದ್ದು ಹಾಗೆಯೇ. ನಮ್ಮ ತಂದೆ ಅಲ್ಲಿಂದ ಘಾಟಿ ಹತ್ತಿ ಬಂದು ಊಟಿಯ ಮಾರ್ಕೆಟ್ ಬಳಿ ಗೊಬ್ಬರ, ಬೀಜದ ಅಂಗಡಿ ಇಟ್ಟವರು. ಬಡಗ ಮಾತು ನನ್ನ ಕಿವಿಗೆ ಅರ್ಧ ನಮ್ಮದೇ, ಅರ್ಧ ಬೇರೆ. ಜೋಗಣ್ಣ ಅಂಗಡಿಯ ಮೆಟ್ಟಿಲು ಹತ್ತುತ್ತಾ "ಒಳ್ಳೆಂಗೆ ಇದ್ದಿಯಾ?" ಎಂದು ಅವರ ಮಾತಿನಲ್ಲಿ ಕೇಳಿ, ಮುಂದಿನದನ್ನೆಲ್ಲಾ ನನ್ನ ಕನ್ನಡದಲ್ಲೇ ಆಡುತ್ತಿದ್ದರು.

ಅವರ ಹೆಮ್ಮೆ ಒಂದೇ. "ಮೈಕಿಗೆ ಹಟ್ಟಿ ಇಲ್ಲ." ಅವರದು ಮೇಲ್ಹಟ್ಟಿ. ಆದರೆ ಮೈಕು ಹಿಡಿದಾಗ ಅವರು ಯಾವ ಊರಿನವರೂ ಅಲ್ಲ. ಒಮ್ಮೆ ಸೆಮಿಫೈನಲಿನಲ್ಲಿ ಅವರ ಸ್ವಂತ ಮಗನೇ ಬಾಲನ್ನು ಕೈಯಲ್ಲಿ ತಳ್ಳಿಬಿಟ್ಟ. ರೆಫರಿ ನೋಡಲಿಲ್ಲ. ಜೋಗಣ್ಣ ಮೈಕಿನಲ್ಲಿ ಹೇಳಿಯೇ ಬಿಟ್ಟರು: "ಕೈ ತಗಲಿತು. ಹುಡುಗ ನನ್ನವನೇ, ಆ ಕೈಯೂ ನಾನು ಕೊಟ್ಟದ್ದೇ. ಆದ್ರೂ ತಗಲಿತು." ಅದನ್ನು ಕೇಳಿ ರೆಫರಿ ಪೆನಾಲ್ಟಿ ಕೊಟ್ಟರು, ಮೇಲ್ಹಟ್ಟಿ ಸೋತಿತು. ಮಗ ಒಂದು ವಾರ ಅಪ್ಪನ ಜೊತೆ ಕೂತು ಉಣ್ಣಲಿಲ್ಲ. ಆವತ್ತಿನಿಂದ ಕೆಳಹಟ್ಟಿಯವರು ಕೂಡ, "ರೆಫರಿ ಏನಾದರೂ ಹೇಳಲಿ, ಜೋಗಣ್ಣ ಏನು ಹೇಳಿದ?" ಎನ್ನುವ ಹಾಗಾಯಿತು.

ಆದರೆ ಎಷ್ಟು ಚುರುಕು ಕಿವಿಯಾದರೂ ಗೋಲಿನ ಗೆರೆ ಕೇಳಿಸುವುದಿಲ್ಲವಲ್ಲ! ಅದಕ್ಕೆ ಅವರೇ ಒಂದು ಏರ್ಪಾಟು ಮಾಡಿದ್ದರು. ಮೇಲಿನ ಗೋಲಿನ ಹಿಂದೆ ಹಿತ್ತಾಳೆ ಗಂಟೆ. ಕೆಳಗಿನ ಗೋಲಿನ ಹಿಂದೆ, ಎಸ್ಟೇಟಿನಲ್ಲಿ ಆಳುಗಳನ್ನು ಕರೆಯಲು ಬಡಿಯುತ್ತಾರಲ್ಲ, ಅಂಥ ರೈಲು ಕಂಬಿಯ ತುಂಡು. ಒಂದು ಪೆಟ್ಟು ಹೊಡೆದರೆ ಕಾರ್ನರು. ಎರಡು ಪೆಟ್ಟು, ಬಾಲು ಹೊರಗೆ. ಮೂರು ಪೆಟ್ಟು, ಗೋಲು. ಕಂಬಿ ಬಡಿಯುವ ಕೆಲಸ ನನಗೆ ಕೊಟ್ಟರು. ಆಗ ನನಗೆ ಮೂವತ್ತು, ಮಂಡಿ ಕೆಟ್ಟು ಆಟ ಬಿಟ್ಟಿದ್ದೆ. "ಕಾಲು ಹೋದ್ರೆ ಏನು, ಕೈ ಇದೆಯಲ್ಲ. ನೀನು ಗುಂಡ್ಲುಪೇಟೆಯವನು. ನಿನಗೆ ಎರಡು ಹಟ್ಟಿಯೂ ಒಂದೇ. ಅದಕ್ಕೇ ನಿನ್ನನ್ನ ಆರಿಸಿದೆ" ಎಂದರು. ನನಗೆ ಕೋಡು ಮೂಡಿದ ಹಾಗಾಗಿತ್ತು.

ಆ ವರ್ಷದ ಫೈನಲ್ ಮೇಲ್ಹಟ್ಟಿಗೂ ಕೆಳಹಟ್ಟಿಗೂ. ಗೋಲಿಲ್ಲದೆ ಮುಗಿಯುತ್ತಾ ಬಂದಿತ್ತು. ಮಂಜು ಎಂದರೆ ಅಂಥಾ ಮಂಜು, ಕಂಬಿ ಬಡಿಯಲು ಹಿಡಿದ ಸರಳಿನ ತುದಿಯೇ ನನಗೆ ಕಾಣದು. ಹಲ್ಲು ಕಟಕಟ ಅನ್ನುವ ಚಳಿ. ನನ್ನ ಬೆನ್ನ ಹಿಂದೆ ಒಂದು ಮೆಣಸಿನಕಾಯಿ ಬಜ್ಜಿ ಅಂಗಡಿ. ಎಣ್ಣೆಯ ಘಮಲು ಬಂದು ಮೂಗು ಹಿಡಿದು ಎಳೆಯುತ್ತಿತ್ತು. ಆಟ ಮೇಲಿನ ಗೋಲಿನ ಕಡೆ ಇದೆ ಎಂದು ಮೈಕಿನಲ್ಲಿ ಕೇಳುತ್ತಿತ್ತು. ಎರಡು ನಿಮಿಷ ಅಷ್ಟೇ, ಎಂದುಕೊಂಡು ಹೋದೆ.

ಬಜ್ಜಿ ಕೈಗೆ ಬಂದು ಒಂದು ಕಚ್ಚಿದ್ದೆ. ಹೋ ಎಂದು ಕೂಗು ಎದ್ದಿತು. ಬಜ್ಜಿ ಹಿಡಿದೇ ಓಡಿದೆ. ಗೋಲಿನ ಬಲೆ ಅಲುಗಾಡುತ್ತಿತ್ತು. ಬಾಲು ಬಲೆಗೆ ಒತ್ತಿಕೊಂಡಿತ್ತು. ಒಳಗಿನಿಂದಲೋ ಹೊರಗಿನಿಂದಲೋ? ನೋಡಲಿಲ್ಲ. ನೋಡಲು ನಾಲ್ಕು ಹೆಜ್ಜೆ ಸಾಕಿತ್ತು. ಜಾಗ ಬಿಟ್ಟು ಹೋದದ್ದು ಗೊತ್ತಾಗಬಾರದು ಎನ್ನುವ ಅವಸರದಲ್ಲಿ ಸರಳು ಎತ್ತಿ ಬಡಿದೆ. ಟಣ್, ಟಣ್, ಟಣ್.

"ಗೋಲ್! ಮೇಲ್ಹಟ್ಟಿ ಗೋಲ್!" ಎಂದು ಜೋಗಣ್ಣನ ದನಿ ಎರಡು ಊರಿಗೂ ಹೋಯಿತು.

ಆಮೇಲಿನದು ಯಾಕೆ ಕೇಳುತ್ತೀರಿ. ಬಾಲು ಬಲೆಯ ಪಕ್ಕಕ್ಕೆ ಹೊರಗಿನಿಂದ ಬಡಿದಿತ್ತು, ರೆಫರಿ ಗೋಲಲ್ಲ ಎಂದು ಕೈ ಆಡಿಸುತ್ತಿದ್ದರು. ಮಂಜಿನಲ್ಲಿ ಅವರ ಕೈ ನೋಡುವವರು ಯಾರು? ಜನ ನಂಬಿದ್ದು ಮೈಕನ್ನು. ಮೇಲ್ಹಟ್ಟಿಯವರು ಕುಣಿಯುತ್ತಾ ಮೈದಾನಕ್ಕೆ ನುಗ್ಗಿದರು, ಕೆಳಹಟ್ಟಿಯವರು ಕೊಡೆ ಎತ್ತಿದರು. ಇಬ್ಬರ ತಲೆ ಒಡೆಯಿತು. ಮ್ಯಾಚು ರದ್ದಾಯಿತು. ನಾನು ಸರಳನ್ನು ಪೊದೆಗೆ ಎಸೆದು ಬಜ್ಜಿ ಅಂಗಡಿಯ ಹಿಂದಿನ ಕಾಲುದಾರಿಯಲ್ಲಿ ಇಳಿದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಶಾಲೆಯ ಕೋಣೆಯಲ್ಲಿ ಟೂರ್ನಮೆಂಟ್ ಕಮಿಟಿ ಸೇರಿತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಜೋಗಣ್ಣ ಶಾಲಿನೊಳಗೆ ಏನನ್ನೋ ಹಿಡಿದುಕೊಂಡು ಬಂದರು. ಬಂದವರು ನನ್ನ ಕಡೆ ಒಂದೇ ಒಂದು ಸಲ ನೋಡಿದರು. ಆಮೇಲೆ ಎದ್ದು ನಿಂತು, "ಕಿವಿ ತಪ್ಪಿತು. ಬಾಯಿ ದುಡುಕಿತು. ತಪ್ಪು ನನ್ನದೇ" ಎಂದರು.

ಕೆಳಹಟ್ಟಿಯ ಹಿರಿಯರೊಬ್ಬರು, "ನಿಮ್ಮ ಹಟ್ಟಿ ಅಂತಲೇ ದುಡುಕಿತು ಬಿಡಿ. ಮೈಕಿಗೂ ಹಟ್ಟಿ ಇದೆ ಅಂತ ಗೊತ್ತಾಯ್ತು" ಎಂದರು.

ಜೋಗಣ್ಣನ ಮುಖ ಬಿಳಿಚಿಕೊಂಡಿತು. ಆಗಲಾದರೂ ನಾನು ಏಳಬೇಕಿತ್ತು. ಏಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಎತ್ತೇ ಕೂತು ನೋಡಿದ ಹಾಗೆ ನೋಡಿದೆ. ಕೆಳಹಟ್ಟಿಯ ಎಲ್ಲಾ ಮನೆಯವರೂ ಗೊಬ್ಬರ ಒಯ್ಯುವುದು ನನ್ನ ಅಂಗಡಿಯಿಂದ. ಒಬ್ಬರು ಬೇಡ ಎಂದರೆ ಊರೆಲ್ಲಾ ಒಂದೇ ಮಾತು. ನಾಳೆಯಿಂದ ಒಬ್ಬರೂ ಮೆಟ್ಟಿಲು ಹತ್ತುವುದಿಲ್ಲ. ಹೀಗೆಲ್ಲಾ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿದೆ ಅಷ್ಟೇ.

ಮುಂದಿನ ವರ್ಷದಿಂದ ಮೈಕು ಬೇರೆಯವರ ಕೈಗೆ ಹೋಯಿತು. ಟೂರ್ನಮೆಂಟಿನ ದಿನಗಳಲ್ಲಿ ಜೋಗಣ್ಣ ಸ್ಪೀಕರಿನ ಸದ್ದು ಮುಟ್ಟದ, ತೋಟದ ಆಚೆ ಮಗ್ಗುಲಿಗೆ ಹೋಗಿ ಕೂರುತ್ತಿದ್ದರಂತೆ. ನನ್ನ ಅಂಗಡಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಅದೇ ನಗು, ಅದೇ "ಒಳ್ಳೆಂಗೆ ಇದ್ದಿಯಾ?" ಕಳ್ಳನ ಜೀವ ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಆಲೂಗಡ್ಡೆ ಬೀಜದಲ್ಲಿ ಗುಂಡನೆಯ, ಚೆನ್ನಾಗಿ ಕಣ್ಣು ಬಂದ ಗೆಡ್ಡೆಗಳನ್ನೇ ಅವರಿಗೆ ಆರಿಸಿ ಇಡುತ್ತಿದ್ದೆ. ಅವರು ಮೂಟೆ ಬಿಚ್ಚಿ ನೋಡಿ, "ಇದು ಬೇಡಪ್ಪಾ. ಎಲ್ಲರಿಗೂ ಕೊಡೋದನ್ನೇ ಕೊಡು" ಎಂದು ಪಕ್ಕದ ಮೂಟೆ ಹೊತ್ತು ಹೋಗುವರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ ಪುಣ್ಯಾತ್ಮ.

ವರ್ಷಗಳು ಹೋದವು. ನನಗೂ ಅರವತ್ತು ದಾಟಿತು. ಹೋದ ಚಳಿಗಾಲದಲ್ಲಿ ಅವರಿಗೆ ಮೈ ಹುಷಾರಿಲ್ಲ ಎಂದು ಕೇಳಿ, ಇನ್ನು ತಡ ಮಾಡಿದರೆ ಆಗದು ಎಂದು ಮೇಲ್ಹಟ್ಟಿಗೆ ಹೋದೆ. ಸಾಲುಮನೆಗಳ ಮುಂದಿನ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

ಅವರು ಕೇಳಿದ್ದು ಒಂದೇ. "ಬಜ್ಜಿ ಬಿಸಿ ಇತ್ತಾ?"

"ಬಜ್ಜಿ ವಿಷಯ ನಾನು ಹೇಳಲೇ ಇಲ್ಲವಲ್ಲ ಜೋಗಣ್ಣಾ. ಜಾಗ ಬಿಟ್ಟು ಹೋಗಿದ್ದೆ ಅಂದೆ ಅಷ್ಟೇ."

"ಮರುದಿನ ಬೆಳಿಗ್ಗೆ ಪೊದೆಯಲ್ಲಿ ಸರಳು ಹುಡುಕಿದೆ. ಹಿಡಿಗೆಲ್ಲಾ ಎಣ್ಣೆ, ಕಡಲೆಹಿಟ್ಟು. ಶಾಲಿನೊಳಗೆ ಇಟ್ಟುಕೊಂಡೇ ಕಮಿಟಿಗೆ ಬಂದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಅದು ಚಾಡಿ. ನೀನು ಏಳ್ತೀಯ ಅಂತ ಕಾದೆ" ಎಂದರು. ಶಾಲು ಸರಿಮಾಡಿಕೊಂಡು ಮುಂದುವರಿಸಿದರು: "ಈಗ ನನಗೆ ಹೇಳಿ ಏನು ಬಂತು ಗುಂಡ್ಲುಪೇಟೆ? ನನಗೆ ಗೊತ್ತಿರೋದನ್ನ ನನಗೇ ಹೇಳ್ತೀಯ. ಗೊತ್ತಿಲ್ಲದವರಿಗೆ ಹೇಳು. ಮೈಕಿನಲ್ಲಿ ಹೋದ ತಪ್ಪನ್ನ ಮೈಕಿನಲ್ಲೇ ತಿದ್ದಬೇಕು. ನಾನು ಬಂದು ಕೇಳ್ತೀನಿ."

ಮೇ ತಿಂಗಳ ಟೂರ್ನಮೆಂಟಿನಲ್ಲಿ ಹೇಳುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ.

ಈ ಸಲ ಕಮಿಟಿಯ ಹುಡುಗರು ನನ್ನನ್ನೇ ಅತಿಥಿಯಾಗಿ ಕರೆದಿದ್ದರು. ಜೋಗಣ್ಣ ಬಂದರು. ಅಷ್ಟು ವರ್ಷಗಳ ಮೇಲೆ ಆ ಮೈದಾನಕ್ಕೆ ಮೊದಲ ಸಲ. ಮಡಿ ರುಮಾಲು, ಮಡಿ ಶಾಲು, ಮಗನ ತೋಳು ಹಿಡಿದು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ಎಡಕ್ಕೆ ವಾಲಿಸಿದರು. ಕೇಳಲು ತಯಾರಾಗಿದ್ದರು.

ನಾನು ಮೈಕು ಹಿಡಿದೆ. ಎದುರಿಗೆ ಎರಡೂ ಹಟ್ಟಿಯ ಜನ. ಪಕ್ಕದ ಕುರ್ಚಿಯಲ್ಲಿ ಕೆಳಹಟ್ಟಿಯ ಈಗಿನ ಮುಖಂಡ, ಆವತ್ತು ತಲೆ ಒಡೆಸಿಕೊಂಡವರಲ್ಲಿ ಒಬ್ಬ. "ಇಂಥ ದನಿ ಈ ಬೆಟ್ಟದಲ್ಲಿ ಮತ್ತೆ ಹುಟ್ಟಲ್ಲ. ಮಂಜಿನಲ್ಲಿ ನಮ್ಮೆಲ್ಲರ ಕಣ್ಣು ಇವರು..." ಎಂದು ಶುರುಮಾಡಿದೆ. ಹೊಗಳಿದೆ, ಹೊಗಳಿದೆ, ಹೊಗಳುತ್ತಲೇ ಹೋದೆ. ಜನ ಚಪ್ಪಾಳೆ ತಟ್ಟಿದರು. ಹೇಳಬೇಕಾದ ಒಂದು ವಾಕ್ಯ ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋಯಿತು. ಕೊನೆಗೆ ಕೆಳಗಿಳಿದು ಅವರಿಗೆ ಹೊಸ ಶಾಲು ಹೊದಿಸಿದೆ.

ಜೋಗಣ್ಣ ಕಣ್ಣು ತೆರೆದರು. ನನಗೆ ಮಾತ್ರ ಕೇಳುವ ಹಾಗೆ, ಮೆತ್ತಗೆ ಹೇಳಿದರು: "ಎರಡು ಹೊಡೆಯೋ ಕಡೆ ಮತ್ತೆ ಮೂರು ಹೊಡೆದೆಯಲ್ಲಪ್ಪಾ."

ಅದೇ ಕೊನೆಯ ಮಾತು. ಆಷಾಢದ ಮಳೆಯಲ್ಲಿ ತೀರಿಕೊಂಡರು.

ಬಡಗರಲ್ಲಿ ಒಂದು ಪದ್ಧತಿ ಉಂಟು. ಸತ್ತವರ ಮುಂದೆ ಹಿರಿಯರೊಬ್ಬರು ನಿಂತು, ಅವರು ಬದುಕಿನಲ್ಲಿ ಮಾಡಿರಬಹುದಾದ ತಪ್ಪುಗಳನ್ನೆಲ್ಲಾ ಒಂದೊಂದಾಗಿ ಎಣಿಸಿ ಹೇಳುತ್ತಾರೆ. ಒಂದೊಂದಕ್ಕೂ ಸೇರಿದವರೆಲ್ಲಾ 'ಪಾಪ' ಎಂದು ದನಿಗೂಡಿಸುತ್ತಾರೆ. ಹಾಗೆ ಹೇಳಿ ಹೇಳಿ ಹೋಗುವವರ ಹೊರೆ ಇಳಿಸಿ ಕಳಿಸುತ್ತಾರೆ. ಆವತ್ತೂ ಹೇಳಿದರು. ಹಾವು ಕೊಂದಿದ್ದರೆ, ಅಳುವ ಹಸುಳೆಯನ್ನು ಹೊಡೆದಿದ್ದರೆ, ನೆರೆಯವರ ನೀರಿಗೆ ಅಡ್ಡ ಹಾಕಿದ್ದರೆ. ಆಮೇಲೆ, ಇಲ್ಲದ್ದನ್ನು ಇದೆ ಎಂದು ಹೇಳಿದ್ದರೆ ಎಂದರು. ಅಕ್ಕಪಕ್ಕದವರೆಲ್ಲಾ 'ಪಾಪ' ಎಂದರು. ನನ್ನ ಬಾಯಿಯೂ ಅವರ ಜೊತೆಗೆ 'ಪಾಪ' ಎಂದಿತು. ಮಾಡಿದವನು ನಾನು, ಹೊತ್ತು ಮಲಗಿದವರು ಅವರು.

ಮೈಕಿನಲ್ಲಿ ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೇಲ್ಹಟ್ಟಿಯವರು ಓದಲಿ, ಕೆಳಹಟ್ಟಿಯವರು ಓದಲಿ, ನಾಳೆಯಿಂದ ನನ್ನ ಅಂಗಡಿಯ ಮೆಟ್ಟಿಲು ಯಾರೂ ಹತ್ತದಿದ್ದರೂ ಹತ್ತದೇ ಇರಲಿ. ಜೋಗಣ್ಣ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಅವರ ಮೈಕಿಗೆ ಯಾವತ್ತೂ ಹಟ್ಟಿ ಇರಲಿಲ್ಲ. ಕಂಬಿ ಬಡಿದವನು ನಾನು. ಬಾಲು ಹೊರಗೆ ಹೋಗಿತ್ತು.

ಟಣ್, ಟಣ್. ಎರಡೇ, ಜೋಗಣ್ಣಾ.