ನಿಂಬೆಹಣ್ಣಿಗೆ ಹೆದರಿದ ಕಾರು

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಫಿಯೆಟ್ ಕಾರು ನಿಂಬೆಹಣ್ಣಿಗೆ ಹೆದರಿ ನಿಂತುಬಿಟ್ಟಿತು.

ಹೋದ ವಾರ ಅನಕಾಪಲ್ಲಿಯಲ್ಲಿ ಬೆಲ್ಲ ಹೇರಿದ ಎತ್ತಿನ ಗಾಡಿಯೊಂದಕ್ಕೆ ಹಿಂದಿನಿಂದ ಮೆಲ್ಲಗೆ ಗುದ್ದಿದ್ದೆ. ಒಂದು ಹೆಡ್‌ಲೈಟ್ ಒಡೆಯಿತು, ಅಷ್ಟೇ. ಎತ್ತುಗಳು ತಿರುಗಿಯೂ ನೋಡಲಿಲ್ಲ. ಆದರೆ ಆಮೇಲೆ ನಾನು ಸ್ಟೀರಿಂಗ್ ಮುಟ್ಟಿರಲಿಲ್ಲ. ಇನ್ನು ಮುಟ್ಟುತ್ತೇನೋ ಇಲ್ಲವೋ ಎಂಬ ಅನುಮಾನ ನನಗೇ ಇತ್ತು.

ರಿಪೇರಿಯಾದ ಕಾರನ್ನು ಮೆಕ್ಯಾನಿಕ್ ನಿನ್ನೆ ಎಂವಿಪಿ ಕಾಲೋನಿಯ ನಮ್ಮ ಮನೆಗೆ ತಂದುಬಿಟ್ಟ. ದೃಷ್ಟಿ ತೆಗೆಯಲೇಬೇಕೆಂದು ಪಕ್ಕದ ಮನೆಯ ಸುಬ್ಬಲಕ್ಷ್ಮಿಗಾರು ಇವತ್ತು ನಾಲ್ಕೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ನಾನು ಅವುಗಳ ಮೇಲೆ ಕಾರು ಹಾಯಿಸಬೇಕು.

"ಮುಂದುಕು ಪೋನಿವ್ವಂಡಿ ಸಾರ್," ಎಂದು ತೆಲುಗಿನಲ್ಲಿ ಕಾರು ಮುಂದಕ್ಕೆ ಬಿಡಲು ಹೇಳಿದರು.

ಗೇರು ಹಾಕಿದೆ. ಕಾರು ಕದಲುವ ಮೊದಲೇ ಬಲಗಾಲು ತಾನಾಗಿ ಬ್ರೇಕ್ ಒತ್ತಿತು. ಮತ್ತೊಮ್ಮೆ ಪ್ರಯತ್ನಿಸಿದೆ, ಮತ್ತೆ ಅದೇ. ಇದು ಯಾರ ಕಾಲಪ್ಪ ಎಂದು ಬಗ್ಗಿ ನೋಡಿದೆ. ಚಪ್ಪಲಿಯೇನೋ ನನ್ನದೇ.

ನನ್ನ ಹೆಂಡತಿ ಧಾರವಾಡದವಳು. ಕಿಟಕಿಗೆ ಬಗ್ಗಿ, "ನಿಂಬಿಹಣ್ಣು ಅದರೀ ಅದು, ಎತ್ತಲ್ಲ. ಹಾಯಸ್ರಿ," ಎಂದಳು.

ಬಲಗಾಲನ್ನು ಬ್ರೇಕಿನಿಂದ ಎತ್ತಿ ಕ್ಲಚ್ ಬಿಟ್ಟೆ. ಪಚಕ್ ಎಂದಿತು. ತಕ್ಷಣ ಇಳಿದು ಹೋಗಿ ಹಣ್ಣಿಗೆ ಏನಾಯಿತೆಂದು ನೋಡಿದೆ.

"ಭಾಳ ಪೆಟ್ಟಾಗ್ಯದೇನ್ರಿ ಅದಕ್ಕ?" ಹೆಂಡತಿ ಕೇಳಿದಳು.

ದೃಷ್ಟಿ ಪೂರ್ತಿ ಹೋಯಿತೆಂದು ಸುಬ್ಬಲಕ್ಷ್ಮಿಗಾರು ಸಾರಿದರು. ಕಾರಿನದು ಹೋಗಿರಬೇಕು. ನಾನು ಮಾತ್ರ ಬ್ಯಾಂಕಿನ ಕೆಲಸಕ್ಕೆ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಡ್ರೈವರನಿಗಿಂತ ಮೊದಲು ನನ್ನ ಬಲಗಾಲೇ ಬ್ರೇಕ್ ಒತ್ತುತ್ತಿತ್ತು.