ಅಪ್ಪನ ಟೋಕನ್ನು ಕೆಳಗಿಳಿದ ದಿನ

ಆಗೆಲ್ಲ ನಮ್ಮ ವಯಸ್ಸು ಕೇಳಿದರೆ ದೊಡ್ಡವರು ಇಷ್ಟು ವರ್ಷ ಎಂದು ಹೇಳುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ವರ್ಷದ ಮಗು ಎನ್ನುತ್ತಿದ್ದರು. ಚಿನ್ನದ ಗಣಿಯ ಊರಾದ ಆಂಡರ್ಸನ್‌ಪೇಟೆಯಲ್ಲಿ, ನಮ್ಮ ಶಾಲೆಯ ಐದನೇ ಕ್ಲಾಸಿನಲ್ಲಿ, ಹಾಗೆ ಹೇಳಿಸಿಕೊಂಡವರು ಹದಿನಾಲ್ಕು ಮಂದಿ. ಹುಡುಗರು ಒಂಬತ್ತು, ಹುಡುಗಿಯರು ಐದು. ನಾನು ಎಣಿಸಿದ್ದೆ.

ಆ ಜೂನ್‌ನಲ್ಲಿ ಶಾಲೆ ತೆರೆದಾಗ ಮೇಷ್ಟ್ರು ಹದಿನಾಲ್ಕು ಜನಕ್ಕೂ ಒಂದೊಂದು ಗೆರೆ ಪುಸ್ತಕ ಕೊಟ್ಟರು. ನಿಮ್ಮ ಅಪ್ಪ ಅಮ್ಮಂದಿರು ಇನ್ನೊಬ್ಬರ ಕೈಕೆಳಗೆ ಹುಟ್ಟಿದವರು, ಅವರ ದಿನಗಳನ್ನು ಯಾರೂ ಬರೆದಿಡಲಿಲ್ಲ, ನಿಮ್ಮ ದಿನಗಳನ್ನು ನೀವೇ ಬರೆದುಕೊಳ್ಳಿ ಎಂದರು. ಒಂದು ದಿನವೂ ಬಿಡದೆ ಬರೆದವರಿಗೆ ಆಗಸ್ಟ್ ಹದಿನೈದರಂದು ಬಾವುಟದ ಹಗ್ಗ ಎಳೆಯುವ ಅವಕಾಶ.

ಹೊಸ ಪುಸ್ತಕಕ್ಕೆ ಅಂಟಿನ ವಾಸನೆ ಇತ್ತು. ನಾನು ಪ್ರತಿ ಪುಟಕ್ಕೂ ಸ್ಕೇಲಿನಿಂದ ನಾಲ್ಕು ಖಾನೆ ಎಳೆದೆ. ಮಳೆ. ನಡುಕ. ಪಾಳಿ. ಬಂದರು.

ಮಳೆಯ ಖಾನೆ ಬಹುಪಾಲು ಖಾಲಿ ಇರುತ್ತಿತ್ತು. ನಡುಕ ಎಂದರೆ ಭೂಮಿಯದು. ಗಣಿಯ ಆಳದಲ್ಲಿ ಬಂಡೆ ತಾನಾಗಿ ಸಿಡಿದರೆ ಮೇಲೆ ನಮ್ಮ ಮನೆ ಅಲುಗುತ್ತಿತ್ತು, ಗೂಡಿನ ಲೋಟಗಳು ಒಂದಕ್ಕೊಂದು ತಗುಲಿ ಸದ್ದಾಗುತ್ತಿತ್ತು. ದೊಡ್ಡವರು ಅದನ್ನು ಏರ್‌ಬ್ಲಾಸ್ಟು ಎನ್ನುತ್ತಿದ್ದರು. ನಡುಕವಾದಾಗ ನಮ್ಮ ಮನೆಯ ಗಂಡಸು ಕೆಳಗಿದ್ದರೆ ಅಮ್ಮ ಮುದ್ದೆ ಕಟ್ಟುತ್ತಿರಲಿಲ್ಲ. ಹಿಟ್ಟನ್ನು ಪಾತ್ರೆಯಲ್ಲೇ ಬಿಟ್ಟು, ಕೋಲು ಹೊರಗೆ ತೆಗೆದಿಟ್ಟು, ಅಪ್ಪ ಬಾಗಿಲು ದಾಟಿದ ಮೇಲೆಯೇ ಕೈ ಒದ್ದೆ ಮಾಡಿಕೊಳ್ಳುತ್ತಿದ್ದಳು. ಕ್ಯಾಸಂಬಳ್ಳಿ ಕಡೆಯ ಹೊಲ ಬಿಟ್ಟು ಗಣಿಗೆ ಬಂದ ಮೇಲೆ ಕಲಿತ ಪದ್ಧತಿ ಅದು. ತಣ್ಣಗಾಗಿ ಬಿರುಕು ಬಿಟ್ಟ ಮುದ್ದೆ ಆ ತಿಂಗಳುಗಳಲ್ಲಿ ನಾವು ಆರು ಸಲ ತಿಂದೆವು.

ಅಪ್ಪ ಮುನಿಯಪ್ಪ ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸಗಾರ. ಪಕ್ಕದ ಮನೆಯ ಆರ್ಮುಗಂ ಮಾಮನದೂ ಅದೇ ಕೆಲಸ. ಅವರ ಮಗಳು ಸೆಲ್ವಿ ನಮ್ಮ ಹದಿನಾಲ್ಕರಲ್ಲಿ ಒಬ್ಬಳು. ಎರಡು ಮನೆಗೂ ನಡುವೆ ಒಂದೇ ಗೋಡೆ, ಅವರ ಬಾಗಿಲ ಸದ್ದು ನಮಗೆ ಕೇಳುತ್ತಿತ್ತು. ಹಾಗಾಗಿ ಮಾಮನ ಪಾಳಿಯನ್ನೂ, ಕೆಲಸ ಮುಗಿಸಿ ಮನೆಗೆ ಬಂದರು ಎಂಬುದನ್ನೂ ನಾನು ಅಪ್ಪನದರ ಕೆಳಗೇ ಬರೆಯುತ್ತಿದ್ದೆ.

ಜುಲೈನಲ್ಲಿ ಸೆಲ್ವಿಗೆ ಜ್ವರ ಬಂದು ಮೂರು ದಿನ ಬರೆಯಲಾಗಲಿಲ್ಲ. ಎದ್ದು ಕೂತ ಮೇಲೆ ನನ್ನ ಪುಸ್ತಕ ಕೇಳಿದಳು.

"ಲೇ ಲಚ್ಚಿ, ಆ ಮೂರು ದಿನದ್ದು ಕೊಡೇ. ನೋಡ್ಕೊಂಡು ಬರ್ದು ಕೊಟ್ಬಿಡ್ತೀನಿ."

"ಬಿಟ್ಟಿದ್ದು ಬಿಟ್ಟಂಗೇ ಇರ್ಬೇಕು" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಆಗಸ್ಟಿನ ಹೊತ್ತಿಗೆ ಒಂದು ದಿನವೂ ಬಿಡದವಳು ನಾನೊಬ್ಬಳೇ ಉಳಿದಿದ್ದೆ. ಹಗ್ಗ ನನಗೆ ಬಂತು.

ಅಪ್ಪ ನೋಡಲು ಬರಬೇಕೆಂದು ನಾನು ಹಟ ಹಿಡಿದೆ. ಎರಡು ದಿನ ಊಟ ಬಿಟ್ಟೆ. ಹದಿನೈದಕ್ಕೆ ಗಣಿಗೆ ರಜೆಯಾದರೂ ನೀರೆತ್ತುವವರಿಗೆ, ಆಸರೆ ಕಟ್ಟುವವರಿಗೆ ರಜೆ ಇರಲಿಲ್ಲ. ಅಪ್ಪನದು ಬೆಳಗಿನ ಪಾಳಿ, ಮಾಮನದು ಮಧ್ಯಾಹ್ನದ್ದು.

ಪಾಳಿ ಬದಲಿಸಲು ಕೇಳಿದರೆ ಮೇಸ್ತ್ರಿ ಒಪ್ಪುತ್ತಿರಲಿಲ್ಲ. ಅದಕ್ಕೆ ಗಂಡಸರು ಒಂದು ದಾರಿ ಮಾಡಿಕೊಂಡಿದ್ದರು. ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆಯ ಟೋಕನ್ನು ಇತ್ತು. ಇಳಿಯುವಾಗ ಕಿಟಕಿಯಲ್ಲಿ ಕೊಟ್ಟರೆ ಗುಮಾಸ್ತ ಅದನ್ನು ಹಲಗೆಗೆ ತೂಗುಹಾಕುತ್ತಿದ್ದ. ಮೇಲೆ ಬಂದವನು ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಗುಮಾಸ್ತ ನಂಬರು ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಒಬ್ಬರ ಟೋಕನ್ನು ಇನ್ನೊಬ್ಬರು ಒಯ್ದರೆ ಪಾಳಿ ಬದಲಾದಂತೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು.

ಹಿಂದಿನ ಸಂಜೆ ಆರ್ಮುಗಂ ಮಾಮ ನಮ್ಮ ಬಾಗಿಲಿಗೆ ಬಂದು ಕೈ ಚಾಚಿದರು. ನಿನ್ನ ಮಗಳೂ ನಾಳೆ ಸಾಲಲ್ಲಿ ನಿಲ್ಲುತ್ತಾಳಲ್ಲ ಎಂದು ಅಪ್ಪ ಹಿಂಜರಿದರು.

"ನಮ್ಮದು ಸಾಲಲ್ಲಿ ನಿಂತ್ಕೊಳ್ಳೋದು ಅಣ್ಣೇ, ದಿನಾ ನೋಡ್ತೀನಿ. ನಿಮ್ದು ಹಗ್ಗ ಎಳೆಯೋ ಪಾಪು. ಕೊಡಿ ಟೋಕನ್ನು. ಒಂದಿನ ನಾನೂ ಮುನಿಯಪ್ಪ ಆಗ್ತೀನಿ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೇಷ್ಟ್ರು ಬೆಳಿಗ್ಗೆ ಪುಸ್ತಕ ನೋಡುವವರಿದ್ದರು. ಗುಟ್ಟು ಹೊರಬೀಳದಂತೆ ಪಾಳಿಯ ಖಾನೆಯಲ್ಲಿ ಎಂದಿನಂತೆಯೇ ಬರೆ ಎಂದು ಅಪ್ಪ ಹೇಳಿದರು. ಹದಿನೈದನೇ ತಾರೀಕಿನ ಎದುರಿಗೆ ಬರೆದೆ: ಅಪ್ಪ, ಬೆಳಗಿನ ಪಾಳಿ. ಪುಸ್ತಕದಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ಬೆಳಿಗ್ಗೆ ಎಲ್ಲರೂ ಸೀಗೆಕಾಯಿ ಹಾಕಿ ತಲೆ ತೊಳೆದು ಬಂದಿದ್ದರು. ಒಣಗದ ಜಡೆಗಳಿಂದ ಬೆನ್ನು ಒದ್ದೆಯಾಗಿತ್ತು. ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು ಕಾಂಪೌಂಡಿನ ಪಕ್ಕ ನಿಂತಿದ್ದರು. ನಾನು ಹಗ್ಗ ಎಳೆದೆ. ಗಂಟು ಬಿಚ್ಚಿಕೊಂಡು ಸೇವಂತಿಗೆ ಎಸಳುಗಳು ಸಾಲಿನ ಮೇಲೆ ಉದುರಿದವು, ಸೆಲ್ವಿಯ ತಲೆಯ ಮೇಲೂ. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ನೆಲ ನಡುಗಿತು. ಕಂಬ ಅಲುಗಿತು. ಅಭ್ಯಾಸವಾಗಿದ್ದರಿಂದ ಯಾರೂ ಹಾಡು ನಿಲ್ಲಿಸಲಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಅವರು ಬಾವುಟಕ್ಕೆ ಬೆನ್ನು ಹಾಕಿ, ದೂರದಲ್ಲಿ ಗಣಿ ಬಾಯಿಯ ಮೇಲಿದ್ದ ದೊಡ್ಡ ಚಕ್ರವನ್ನು ನೋಡುತ್ತಿದ್ದರು.

ಚಕ್ರ ತಿರುಗುತ್ತಲೇ ಇತ್ತು. ಚಕ್ರ ನಿಲ್ಲದಿದ್ದರೆ ಕೆಳಗೆ ಕೆಲಸ ನಡೆದಿದೆ ಎಂದರ್ಥ, ಅದನ್ನು ನೋಡಿಯೇ ಅಪ್ಪ ಮನೆಗೆ ಬಂದರು. ಅಪ್ಪ ಎದುರಿಗೇ ಇದ್ದುದರಿಂದ ಅಮ್ಮ ಕಾಯದೆ ಮುದ್ದೆ ಕಟ್ಟಿದಳು. ಅಪ್ಪನ ಪಾಳಿಯ ಹೊತ್ತಿನಲ್ಲಿ ನಡುಕವಾಗಿಯೂ ನಾವು ಬಿಸಿ ಮುದ್ದೆ ತಿಂದದ್ದು ಅದೊಂದೇ ಸಲ. ಅವರೆಕಾಳಿನ ಸಾರು. ಅಪ್ಪ ಎರಡನೇ ತುತ್ತು ಮುರಿಯುವಾಗ ಗಣಿಯ ಜವಾನನೊಬ್ಬ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಇಣುಕಿದ.

"ಮುನಿಯಪ್ಪನ ಮನೆ ಇದೇನಾ? ಬಂಡೆ ಬಿದ್ದು ಅವನು ಕೆಳಗೇ ಓಗ್ಬುಟ್ಟ. ಮನೇಲಿ ಗಂಡಸ್ರು ಯಾರಾದ್ರೂ ಬನ್ನಿ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು.

"ಮುನಿಯಪ್ಪ ನಾನೇ."

ಟೋಕನ್ನು ಬದಲಾಗಿದೆ ಎಂದು ಜವಾನನಿಗೆ ಅರ್ಥವಾಯಿತು. ಆಮೇಲೆ ದನಿ ತಗ್ಗಿಸಿದ. ಬಂಡೆ ಸರಿಸಿ ಹೆಣ ತೆಗೆಯಲು ಎರಡು ದಿನವಾದರೂ ಬೇಕು, ಅಷ್ಟರಲ್ಲಿ ಊರಿಗೆ ಹೋಗಿಬಿಡಿ, ಟೋಕನ್ನು ಕಳವಾಗಿತ್ತು ಎಂದು ಆಮೇಲೆ ಹೇಳಬಹುದು, ನಾನು ನಿಮ್ಮನ್ನು ನೋಡಲೇ ಇಲ್ಲ ಎಂದ. ಅಮ್ಮ ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು.

"ಎರಡು ದಿನ ಆ ಯಮ್ಮ ಗಂಡ ಬತ್ತಾನೆ ಅಂತ ಕಾಯ್ಬೇಕೇನೇ?" ಎಂದರು ಅಪ್ಪ. ಕೈ ತೊಳೆದುಕೊಂಡು ಪಕ್ಕದ ಮನೆಗೆ ಹೋದರು.

ನಾನು ಹಿಂದೆ ಹೋದೆ. ಅಪ್ಪ ಒಂದೇ ಮಾತಿನಲ್ಲಿ ಹೇಳಿದರು. ಸೆಲ್ವಿಯ ಅಮ್ಮ ಒಲೆಯ ಮುಂದೆ ಕೂತವರು ಕೂತೇ ಇದ್ದರು. ಸೆಲ್ವಿಯ ತಲೆಯಲ್ಲಿ ಇನ್ನೂ ಎರಡು ಎಸಳು ಇದ್ದವು. ತೆಗೆಯಬೇಕೆನ್ನಿಸಿತು, ತೆಗೆಯಲಿಲ್ಲ. ನನಗೆ ಅಳು ಬರಲಿಲ್ಲ.

ಅಲ್ಲಿಂದ ಗಣಿ ಆಫೀಸಿಗೆ ಹೋದೆವು. ಹೊರಗಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಪ್ಪನ ಹೆಸರು ಬರೆದಿತ್ತು. ಅಪ್ಪ ಅದರ ಕೆಳಗೇ ನಿಂತು ಗುಮಾಸ್ತನಿಗೆ ಎಲ್ಲ ಹೇಳಿದರು. ಗುಮಾಸ್ತ ಹೊರಗೆ ಬಂದು ಅಂಗೈಯಿಂದ ಹೆಸರು ಒರೆಸಿ ಇನ್ನೊಂದು ಹೆಸರು ಬರೆದ. ಹಳೆಯ ಅಕ್ಷರಗಳು ಪೂರ್ತಿ ಹೋಗಿರಲಿಲ್ಲ. ಎರಡೂ ಹೆಸರು ಓದಲು ಬರುತ್ತಿದ್ದವು.

ಆ ವಾರವೇ ಅಪ್ಪನ ಕೆಲಸ ಹೋಯಿತು. ಬಂಗಾರಪೇಟೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿ ನಾವು ಅಲ್ಲಿಗೆ ಬಂದೆವು. ಸೆಪ್ಟೆಂಬರಿನಲ್ಲಿ ಸೆಲ್ವಿ ಮತ್ತು ಅವಳಮ್ಮ ತಮಿಳು ಸೀಮೆಯ ತಮ್ಮ ಊರಿಗೆ ಹೊರಟರು. ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕಿತ್ತು. ನಾನು ಪ್ಲಾಟ್‌ಫಾರಂಗೆ ಹೋದೆ. ಸೆಲ್ವಿ ಟ್ರಂಕಿನ ಮೇಲೆ ಕೂತು ತನ್ನ ಪುಸ್ತಕ ತೆರೆದಳು.

"ಆ ಮೂರು ದಿನ ಏನಾಯ್ತು ಹೇಳು. ಬರ್ಕೋತೀನಿ."

ನನ್ನ ಪುಸ್ತಕ ಕೈಯಲ್ಲೇ ಇತ್ತು. ಓದಿ ಹೇಳಿದೆ. ಮೊದಲ ದಿನ ಮಳೆ ಇಲ್ಲ, ನಡುಕ ಇಲ್ಲ, ಮಾಮ ಮಧ್ಯಾಹ್ನದ ಪಾಳಿ, ಬಂದರು. ಎರಡನೇ ದಿನ ಹನಿ ಮಳೆ, ನಡುಕ ಒಂದು, ಮಾಮ ಬಂದರು. ಮೂರನೇ ದಿನ ನಡುಕ ಇಲ್ಲ, ಬಂದರು. ಅವಳು ನಿಧಾನವಾಗಿ, ದುಂಡಗೆ ಬರೆದುಕೊಂಡಳು. ಆಮೇಲೆ ರೈಲು ಬಂತು.

ಇದಾಗಿ ಹತ್ತು ವರ್ಷದ ಮೇಲಾಯಿತು. ಈಗಲೂ ದಿನಾ ಬರೆಯುತ್ತೇನೆ. ಹದಿನಾಲ್ಕು ಜನರಲ್ಲಿ ಮೂವರ ವಿಳಾಸ ಮಾತ್ರ ನನ್ನಲ್ಲಿದೆ, ಅದರಲ್ಲಿ ಸೆಲ್ವಿಯದಿಲ್ಲ. ಆಗಸ್ಟ್ ಹದಿನೈದರಂದು ಅಪ್ಪ ಮನೆಯಿಂದ ಹೊರಗೆ ಹೋಗುವುದಿಲ್ಲ. ಬಂಗಾರಪೇಟೆಯಲ್ಲಿ ನೆಲ ನಡುಗುವುದಿಲ್ಲ. ದೊಡ್ಡ ರೈಲು ಹೋದಾಗ ಲೋಟಗಳು ತಗುಲಿ ಸದ್ದಾಗುತ್ತದೆ, ಆಗ ಅಮ್ಮ ಒಂದು ಗಳಿಗೆ ಕೋಲು ತಿರುವುವುದು ನಿಲ್ಲಿಸುತ್ತಾಳೆ. ಮುದ್ದೆ ದಿನಾ ಬಿಸಿಯಾಗಿಯೇ ಇರುತ್ತದೆ.

ಆ ಹಳೆಯ ಪುಸ್ತಕವನ್ನು ಮೊನ್ನೆ ತೆಗೆದು ನೋಡಿದೆ. ಹದಿನೈದನೇ ತಾರೀಕಿನ ಎದುರಿಗೆ, ಅಪ್ಪ, ಬೆಳಗಿನ ಪಾಳಿ ಎಂದಿದೆ. ಅದರ ಕೆಳಗೆ ಮಾಮನ ಹೆಸರು. ನಡುಕ ಒಂದು. ಬಂದರು ಎಂಬ ಖಾನೆಯಲ್ಲಿ ಎರಡು ಹೆಸರಿನ ಎದುರಿಗೂ ನಾನು ಏನೂ ಬರೆದಿಲ್ಲ.