ಸಾತಪ್ಪನ ಎರಡು ಚಹಾ

ಸಾಯುವ ಹಿಂದಿನ ದಿನವೂ ಕುಲಗೋಡದ ಸಾತಪ್ಪ ಕಂಪ್ಯೂಟರಿಗೆ ಬೈಯುತ್ತಿದ್ದ: "ನಿನ್ನಿ ನುಂಗಿದ್ದನ್ನ ಇವತ್ಯಾಕ ಉಗಳತಿ?" ಕಂಪ್ಯೂಟರಿನ ಜೀವವಾದ ಕರ್ನೆಲ್ ಎಂಬ ಮೂಲ ಪ್ರೋಗ್ರಾಮನ್ನು ಕಾಯುವುದು ಅವನ ಕೆಲಸ. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಅಸೆಂಬ್ಲರ್ ಮಾತ್ರ ಹಬ್ಬಕ್ಕೆ ಬಂದ ಅಳಿಯನಿದ್ದಂತೆ, ಹೊಸ ಆವೃತ್ತಿ ಬಂದಾಗೊಮ್ಮೆ ಹೊಸ ಸೊಕ್ಕು, ನಿನ್ನೆ ಒಪ್ಪಿದ್ದನ್ನು ಇಂದು ಒಪ್ಪದು. ಹಳೆಯ ಅಸೆಂಬ್ಲರಿಗೂ ಹೊಸದಕ್ಕೂ ಒಗ್ಗುವಂತೆ ಸಾತಪ್ಪ ಕರ್ನೆಲ್ ತಿದ್ದುತ್ತಿದ್ದ. "ಹಳೇದೂ ನಡೀಬೇಕು, ಹೊಸಾದೂ ನಡೀಬೇಕು." ಮನೆಯಲ್ಲೂ ಅದೇ ಚಾಳಿ. ಹೊಸ ಬೀಗ ತಂದರೂ ಹಳೆಯದನ್ನು ಬಾಗಿಲಿನಿಂದ ತೆಗೆಯಲಿಲ್ಲ. ಡಾಕ್ಟರು ಸಕ್ಕರೆ ಬಿಡಿಸಿದಾಗ ಸಪ್ಪನೆ ಚಹಾ ಕುಡಿದ, ಬೆನ್ನಿಗೇ ಸಿಹಿಯದನ್ನೂ ಕುಡಿದ. "ಜೀವಾ ಹೋಗ್ತೈತ್ರಿ, ಒಂದ ಬಿಡ್ರಿ," ಎಂದು ಹೆಂಡತಿ ಗುಡ್ಡವ್ವ ಗೋಗರೆದರೆ, "ಏ ಹುಚ್ಚಿ, ಎರಡೂ ನಡೀಬೇಕು," ಎನ್ನುತ್ತಿದ್ದ. ಈಗಲೂ ಮುಂಜಾನೆ ಗುಡ್ಡವ್ವ ಎರಡೂ ಚಹಾ ಮಾಡುತ್ತಾಳೆ. ಸಪ್ಪನೆಯದನ್ನು ತಾನು ಕುಡಿದು, ಸಿಹಿಯದಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿ, ಕಂಪ್ಯೂಟರಿನ ಬಾಜೂ ಇಡುತ್ತಾಳೆ.